ಆಂತರಿಕ ನವೀಕರಣ, ಕ್ರೈಸ್ತ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ

ಪಾಪದಿಂದ ದೇವರ ಕಡೆಗೆ ಮನಸ್ಸು ತಿರುಗಿ ಬದುಕು ಹೊಸದಾಗುವುದನ್ನು ಕ್ರೈಸ್ತ ನಂಬಿಕೆಯಲ್ಲಿ ಆಂತರಿಕ ನವೀಕರಣ ಎನ್ನುತ್ತಾರೆ. ಕನ್ನಡ ಕ್ರೈಸ್ತರ ಮಾತಿನಲ್ಲಿ ಇದಕ್ಕೆ ಪಶ್ಚಾತ್ತಾಪ, ಮಾನಸಾಂತರ, ಮನಪರಿವರ್ತನೆ, ಹೊಸ ಹುಟ್ಟು ಎಂಬ ಹೆಸರುಗಳಿವೆ. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ಕೊಂಕಣಿ ಮಾತಾಡುವ ಕ್ಯಾಥೋಲಿಕರು, ತುಳು–ಕನ್ನಡದ ಪ್ರೊಟೆಸ್ಟಂಟರು, ಮಲಯಾಳಂ ಮೂಲದ ಸಿರೋ–ಮಲಬಾರ್ ಕ್ರೈಸ್ತರು ಇದನ್ನು ಬೇರೆ ಬೇರೆ ಬಗೆಯಲ್ಲಿ ಬಾಳಿದ್ದಾರೆ. ಮೂವರಲ್ಲೂ ಅದು ಒಬ್ಬೊಬ್ಬರ ಒಳಗಿನ ಅನುಭವವಾಗಿ ಮಾತ್ರ ಉಳಿಯದೆ ಮನೆ, ಗದ್ದೆ, ಕಸುಬುಗಳಿಗೂ ಇಳಿದಿದೆ.

ಪರಿಕಲ್ಪನೆ

ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಮೆತನೋಯ’ದ ಅರ್ಥ ಮನಸ್ಸು ಬದಲಾಗುವುದು. ಹಳೆಯ ಒಡಂಬಡಿಕೆಯ ಹೀಬ್ರೂ ಪದಕ್ಕೆ ತಿರುಗಿ ಬರುವುದು, ಹಿಂದಿರುಗುವುದು ಎಂಬ ಅರ್ಥವಿದೆ. ರಾತ್ರಿ ಹೊತ್ತು ಗುಟ್ಟಾಗಿ ಬಂದ ನಿಕೊದೇಮನಿಗೆ ಯೇಸು ಮರುಹುಟ್ಟಿನ ಮಾತು ಹೇಳಿದ ಪ್ರಸಂಗ ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಬರುತ್ತದೆ. ಕ್ಯಾಥೋಲಿಕ್ ಪರಂಪರೆ ಈ ಹುಟ್ಟನ್ನು ದೀಕ್ಷಾಸ್ನಾನಕ್ಕೆ ಹೊಂದಿಸಿ, ಆಮೇಲಿನ ಬದುಕಿನ ತಿದ್ದುಪಡಿಗೆ ಪಾಪನಿವೇದನೆಯನ್ನು ಇಟ್ಟಿತು. ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿದ್ದು 1215ರ ಲ್ಯಾಟರನ್ ಮಹಾಸಭೆ. 17ನೇ ಶತಮಾನದ ಜರ್ಮನಿಯಲ್ಲಿ ಹುಟ್ಟಿದ ಪಿಯೆಟಿಸ್ಟ್ ಚಳವಳಿ, ವಿಶ್ವಾಸಿಯ ಸ್ವಂತ ಅನುಭವವಾಗಿ ಹೊಸ ಹುಟ್ಟು ಆಗಲೇಬೇಕೆಂದು ಒತ್ತಿ ಹೇಳಿತು. ಈ ಎರಡೂ ಧಾರೆಗಳು ನೇತ್ರಾವತಿ ತೀರಕ್ಕೆ ಬಂದವು.

ಆರಂಭ ಮತ್ತು ಜೋಸೆಫ್ ವಾಜ್

16ನೇ ಶತಮಾನದಲ್ಲಿ ಪೋರ್ಚುಗೀಸರೊಂದಿಗೆ ಫ್ರಾನ್ಸಿಸ್ಕನ್ ಸನ್ಯಾಸಿಗಳು ಈ ಕರಾವಳಿಗೆ ಬಂದರು. ಮುಂದೆ ಗೋವೆಯಿಂದ ಕ್ಯಾಥೋಲಿಕ್ ಕುಟುಂಬಗಳು ವಲಸೆ ಬಂದು ಕೆಳದಿ ನಾಯಕರ ಆಳ್ವಿಕೆಯಲ್ಲಿ ಬೇಸಾಯಕ್ಕೆ ನಿಂತವು. ಚರ್ಚುಗಳಿಗಿಂತ ಪಾದ್ರಿಗಳು ವಿರಳವಾಗಿದ್ದ ಕಾಲವದು. ಗೋವೆಯ ಬಾಣಾವಳಿಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್ 1681ರಿಂದ 1684ರವರೆಗೆ ಕೆನರಾ ಎನಿಸಿದ್ದ ಈ ಕರಾವಳಿಯಲ್ಲಿ ಊರೂರು ತಿರುಗಿ, ನಂಬಿಕೆಯ ಪಾಠ, ಪಾಪನಿವೇದನೆ, ಪೂಜೆಗಳನ್ನು ಮತ್ತೆ ಕ್ರಮಕ್ಕೆ ತಂದರು. ಆ ಬಳಿಕ ಶ್ರೀಲಂಕೆಗೆ ಹೋಗಿ 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಬಂಟ್ವಾಳ ಸೀಮೆಯ ಮುಡಿಪು ಗುಡ್ಡದಲ್ಲಿ ಅವರು ಪ್ರಾರ್ಥಿಸಿದಾಗ ಬಂಡೆಯಿಂದ ನೀರು ಚಿಮ್ಮಿತೆಂಬ ಐತಿಹ್ಯವಿದೆ. ಅಲ್ಲಿನ ಪುಣ್ಯಕ್ಷೇತ್ರಕ್ಕೆ ಭಕ್ತರು ಇಂದಿಗೂ ಗುಡ್ಡ ಹತ್ತುತ್ತಾರೆ.

ಪಾದ್ರಿಗಳಿಲ್ಲದ ಊರುಗಳಲ್ಲಿ ನಂಬಿಕೆಯನ್ನು ಹಿಡಿದಿಟ್ಟ ಇನ್ನೊಂದು ಆಸರೆ ‘ಕ್ರಿಸ್ತಪುರಾಣ’. ಇಂಗ್ಲಿಷ್ ಜೆಸ್ವಿಟ್ ಥಾಮಸ್ ಸ್ಟೀಫನ್ಸ್ ಓವಿ ಛಂದಸ್ಸಿನಲ್ಲಿ ರಚಿಸಿದ ಈ ಕಾವ್ಯ ಮೊದಲು ಅಚ್ಚಾದದ್ದು 1616ರಲ್ಲಿ. 1907ರಲ್ಲಿ ಮಂಗಳೂರಿನಿಂದ ಮತ್ತೆ ಪ್ರಕಟವಾಯಿತು. ಬೈಬಲಿನ ಕಥೆಯನ್ನು ಪುರಾಣದ ಧಾಟಿಯಲ್ಲಿ ಕೇಳುವ ರೂಢಿ ಅದರಿಂದ ಬೆಳೆಯಿತು.

ಸೆರೆ ಮತ್ತು ಮರಳಿಕೆ

ಬಂಟ್ವಾಳದ ಫರಂಗಿಪೇಟೆಯಲ್ಲಿ, ನೇತ್ರಾವತಿಯ ದಡದ ಮೊಂತೆ ಮರಿಯಾನೊ ಚರ್ಚಿನಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂದ 1763ರಲ್ಲಿ ಕನ್ಯಾಮರಿಯಮ್ಮನ ಜನ್ಮದಿನದ ಹಬ್ಬವನ್ನು ಆರಂಭಿಸಿದರೆಂದು ಪರಂಪರೆ ಹೇಳುತ್ತದೆ. ಈಗ ಕರಾವಳಿಯುದ್ದಕ್ಕೂ ಸೆಪ್ಟೆಂಬರ್ 8ರಂದು ನಡೆಯುವ ‘ಮೊಂತಿ ಫೆಸ್ತ್’ಗೆ ಹೆಸರು ಬಂದದ್ದು ಈ ಚರ್ಚಿನಿಂದ.

1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ಯಾಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬಂಧನ ನಡೆದದ್ದು ಬೂದಿ ಬುಧವಾರ ಎಂಬುದು ಸಮುದಾಯದ ನೆನಪು. ಸೆರೆಯಾದವರ ಸಂಖ್ಯೆಯನ್ನು 30,000ದಿಂದ 80,000ದವರೆಗೆ ಬೇರೆ ಬೇರೆ ಮೂಲಗಳು ಹೇಳುತ್ತವೆ. ಚರ್ಚುಗಳನ್ನು ಕೆಡವಲಾಯಿತು. ಮೂಡುಬಿದಿರೆ ಬಳಿಯ ಹೊಸಬೆಟ್ಟುವಿನ ಹೋಲಿ ಕ್ರಾಸ್ ಚರ್ಚ್ ಅಲ್ಲಿನ ಜೈನ ಅರಸ ಚೌಟರ ನಡುಮಾತಿನಿಂದ ಉಳಿಯಿತೆಂದೂ, ಹೈದರ್ ಅಲಿಯೊಂದಿಗೆ ಮಿರಾಂದರಿಗಿದ್ದ ಸ್ನೇಹದಿಂದ ಮೊಂತೆ ಮರಿಯಾನೊ ಉಳಿಯಿತೆಂದೂ ಹೇಳಿಕೆಗಳಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬದುಕುಳಿದವರು ಊರಿಗೆ ನಡೆದು ಬಂದರು. ಭಾಷೆ, ಜಮೀನು, ಪಾದ್ರಿ ಎಲ್ಲವನ್ನೂ ಮತ್ತೆ ಕಟ್ಟಿಕೊಳ್ಳಬೇಕಾದವರಿಗೆ ‘ಹಿಂದಿರುಗುವುದು’ ಎಂಬ ಬೈಬಲಿನ ಪದ ಕಾಲ್ನಡಿಗೆಯ ಅನುಭವವೂ ಆಯಿತು.

ಬಾಸೆಲ್ ಮಿಷನ್: ಹೊಸ ಹುಟ್ಟು, ಹೊಸ ಕಸುಬು

1833ರ ಸನ್ನದು ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಕ್ಕೆ ಬ್ರಿಟಿಷರಲ್ಲದ ಮಿಷನರಿಗಳನ್ನೂ ಬಿಟ್ಟಿತು. ಮರುವರ್ಷವೇ ಬಾಸೆಲ್ ಮಿಷನ್ನಿನ ಸ್ಯಾಮುವೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. ಅವರ ಬೆನ್ನಿಗಿದ್ದದ್ದು ಪಿಯೆಟಿಸಂ. ಹುಟ್ಟಿನಿಂದ ಕ್ರೈಸ್ತನಾದರೆ ಸಾಲದು, ಹೃದಯ ಕರಗಬೇಕು ಎಂಬುದು ಅವರ ಬೋಧನೆಯ ತಿರುಳು. ಅದಕ್ಕೆ ಜನರ ಮಾತೇ ಬೇಕೆಂದು ತುಳುವನ್ನೂ ಕಲಿತರು. 1847ರಲ್ಲಿ ಹೊಸ ಒಡಂಬಡಿಕೆ ತುಳುವಿನಲ್ಲಿ ಬಂತು. 1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ಗದ್ದಲವೆದ್ದಿತು. ಅವರು ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಮರಳಿದರು.

ತುಳುನಾಡಿನಲ್ಲಿ ಮಿಷನ್ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಭೂತಾರಾಧನೆ ಬಿಟ್ಟವನಿಗೆ ಕೂಡುಕುಟುಂಬದ ಆಸರೆ ತಪ್ಪುತ್ತಿತ್ತು. ಶೇಂದಿ ಇಳಿಸುವ ಕಸುಬು ಮಿಷನ್ನಿಗೆ ಒಪ್ಪಿಗೆಯಿರಲಿಲ್ಲ. ಮನಸ್ಸು ಬದಲಾದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲವಲ್ಲ. ಮಗ್ಗ, ಅಚ್ಚುಕೂಟ, 1865ರಲ್ಲಿ ಮಂಗಳೂರಿನಲ್ಲಿ ಶುರುವಾದ ಹೆಂಚಿನ ಕಾರ್ಖಾನೆ ಇವೆಲ್ಲ ಈ ಬಿಕ್ಕಟ್ಟಿಗೆ ಕಂಡುಕೊಂಡ ದಾರಿಗಳೂ ಹೌದು. ಆ ಸಭೆಗಳ ಮುಂದುವರಿಕೆ ಇಂದಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿದೆ.

ರೆತೀರ್ ಮತ್ತು ಕರಿಸ್ಮ್ಯಾಟಿಕ್ ನವೀಕರಣ

1878ರ ಕೊನೆಗೆ ಮಂಗಳೂರಿಗೆ ಬಂದ ಜೆಸ್ವಿಟರು ಇಗ್ನೇಷಿಯಸ್ ಲೊಯೋಲರ ಆಧ್ಯಾತ್ಮಿಕ ಸಾಧನೆಯ ಕ್ರಮವನ್ನೂ ತಂದರು. ಯುದ್ಧದಲ್ಲಿ ಕಾಲಿಗೆ ಗುಂಡು ತಗಲಿ ಹಾಸಿಗೆ ಹಿಡಿದ 1521ರಲ್ಲಿ ಮನಸ್ಸು ತಿರುಗಿದ ಸೈನಿಕ ರೂಪಿಸಿದ ಕ್ರಮವದು. ಮೌನ, ಧ್ಯಾನ, ಆತ್ಮಪರೀಕ್ಷೆ, ಕೊನೆಗೆ ಪಾಪನಿವೇದನೆ. ಕೊಂಕಣಿಯಲ್ಲಿ ಧ್ಯಾನಕೂಟಕ್ಕೆ ‘ರೆತೀರ್’, ಪಾಪನಿವೇದನೆಗೆ ‘ಕುಮ್ಸಾರ್’ ಎನ್ನುತ್ತಾರೆ.

ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ಬಳಿಕ ಪೂಜೆ ಲ್ಯಾಟಿನ್ ಬಿಟ್ಟು ಕೊಂಕಣಿ, ಕನ್ನಡಕ್ಕೆ ಬಂತು. 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮೊಳೆತ ಕರಿಸ್ಮ್ಯಾಟಿಕ್ ಚಳವಳಿ ಮುಂದೆ ಈ ಕರಾವಳಿಗೂ ಹಬ್ಬಿತು. ಚಪ್ಪಾಳೆ, ಹಾಡು, ಕಣ್ಣೀರು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ, ಎದ್ದು ನಿಂತು ಹೇಳುವ ಸಾಕ್ಷ್ಯ ಇವು ಅದರ ಗುರುತು. ಕೇರಳದ ಪೋಟ್ಟ, ಮುರಿಂಗೂರು ಧ್ಯಾನಕೇಂದ್ರಗಳಿಗೂ ಹತ್ತಿರದ ಮುಲ್ಕಿಯ ಡಿವೈನ್ ಕಾಲ್ ಸೆಂಟರಿಗೂ ಇಲ್ಲಿನವರು ಹೋಗುತ್ತಾರೆ. ಕುಡಿತ ಬಿಡುವುದು, ಮುರಿದ ದಾಂಪತ್ಯ ಕೂಡುವುದು ಸಾಕ್ಷ್ಯಗಳಲ್ಲಿ ಮತ್ತೆ ಮತ್ತೆ ಬರುವ ವಿಷಯ. ಆವೇಶ ಇಳಿದ ಮೇಲೆ ಏನು ಉಳಿಯುತ್ತದೆ ಎಂಬ ಪ್ರಶ್ನೆಯೂ ಚಳವಳಿಯ ಜತೆಗೇ ಬೆಳೆದಿದೆ.

ಬೆಳ್ತಂಗಡಿಯ ಸಿರೋ–ಮಲಬಾರ್ ಧಾರೆ

20ನೇ ಶತಮಾನದ ನಡುಭಾಗದಿಂದ ಕೇರಳದ ಕೃಷಿಕರು ಘಟ್ಟದ ಬುಡದ ಊರುಗಳಿಗೆ ಬಂದು ರಬ್ಬರ್ ತೋಟ ಮಾಡಿದರು. ಇವರಿಗಾಗಿ 1999ರಲ್ಲಿ ತಲಶ್ಶೇರಿ ಮಹಾಧರ್ಮಪ್ರಾಂತ್ಯದಿಂದ ಬೇರ್ಪಡಿಸಿ ಬೆಳ್ತಂಗಡಿ ಧರ್ಮಪ್ರಾಂತ್ಯವನ್ನು ರಚಿಸಲಾಯಿತು. ಲಾರೆನ್ಸ್ ಮುಕ್ಕುಯಿ ಅದರ ಮೊದಲ ಬಿಷಪ್. ಲ್ಯಾಟಿನ್ ಕ್ರಮದ ಚರ್ಚಿನಲ್ಲಿ ತಪಸ್ಸುಕಾಲ ಬುಧವಾರದ ಬೂದಿಯೊಂದಿಗೆ ಆರಂಭವಾದರೆ, ಇವರ ‘ನೋಂಬು’ ಎರಡು ದಿನ ಮೊದಲೇ, ಸೋಮವಾರ ಶುರು. ಪವಿತ್ರ ಗುರುವಾರ ರಾತ್ರಿ ಮನೆಯ ಹಿರಿಯ ಹುಳಿಯಿಲ್ಲದ ಪೆಸಹಾ ಅಪ್ಪವನ್ನು ಮುರಿದು ಹಂಚುತ್ತಾನೆ.

ಆಚರಣೆಯ ಒಂದು ಚಿತ್ರ

ಮೊಂತಿ ಫೆಸ್ತ್‌ಗೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಮ್ಮನ ಮೂರ್ತಿಗೆ ಎರಚುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಪಾದ್ರಿ ಆಶೀರ್ವದಿಸುತ್ತಾರೆ, ಮನೆಗೊಂದು ತೆನೆ. ಅದರ ಕಾಳು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯಾದ ಮೇಲೆ ಎಲ್ಲರೂ ಒಂದೊಂದು ಗುಟುಕು ಕುಡಿಯುತ್ತಾರೆ. ಊಟ ಬಾಳೆಲೆಯಲ್ಲಿ, ಸಸ್ಯಾಹಾರ. ಗದ್ದೆ ಮಾರಿ ಅಡಿಕೆಗೋ ಗಲ್ಫಿಗೋ ಹೋದ ಮನೆಗಳಿಗೂ ಈ ತೆನೆ ಚರ್ಚಿನಿಂದಲೇ ಸಿಗುತ್ತದೆ. ಪಾಲಾಗಿ ಬೇರೆಯಾದ ಅಣ್ಣತಮ್ಮಂದಿರೂ ಆ ದಿನ ಮೂಲಮನೆಗೆ ಬಂದು ಒಂದೇ ಸಾಲಿನಲ್ಲಿ ಕೂರಬೇಕು. ಮಾತು ಬಿಟ್ಟವರಿದ್ದರೆ ಊಟಕ್ಕೆ ಮೊದಲು ಮಾತಾಡಬೇಕು. ಹೊಸ ಅಕ್ಕಿಯ ಜತೆ ಹಳೆಯ ಮುನಿಸು ಸಲ್ಲದು ಎಂಬುದು ಈ ಹಬ್ಬದ ನಡಾವಳಿ.