ಚಿಕನ್ ಬರ್ಗರ್, ಐನೂರು ಮರಿ ಮತ್ತು ಅವ್ವನ ಕೈಮ

ಅವ್ವ ಊರಿಂದ ಬಂದು ಮೂರು ವಾರ ಆಗಿತ್ತು. ಮಗಳು ಕೇಳಿದಳು ಅಂತ ಒಂದು ಭಾನುವಾರ ಮನೆಯಲ್ಲೇ ಚಿಕನ್ ಬರ್ಗರ್ ಮಾಡಿದೆ. ಅಂಗಡಿಯಿಂದ ಚರ್ಮ, ಮೂಳೆ ಏನೂ ಇಲ್ಲದ ಎದೆಮಾಂಸ ತಂದು, ರುಬ್ಬಿ, ಇದ್ದಬದ್ದ ಮಸಾಲೆ ಎಲ್ಲ ಸುರಿದು ಮಾಡಿದ್ದು. ಮಗಳು ಸಾಸ್ ಹಚ್ಚಿಕೊಂಡು ತಿಂದಳು. ಅವ್ವ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದು, "ಇದು ಕೋಳಿನೇನ್ಲಾ? ಹತ್ತಿ ಅಗ್ದಂಗೈತೆ. ಉಪ್ಪು ಖಾರ ಬಿಟ್ರೆ ಇನ್ನೇನೂ ಇಲ್ಲ" ಅಂದಳು.

ನನಗೆ ಸ್ವಲ್ಪ ಬೇಜಾರಾಯ್ತು ನಿಜ. ಆದರೆ ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಖಾರ, ಗರಂ ಮಸಾಲೆ, ಪುದೀನ ಎಲ್ಲದರ ರುಚಿ ಬರುತ್ತಿತ್ತು, ಕೋಳಿಯದ್ದು ಮಾತ್ರ ಇರಲಿಲ್ಲ. ಕೋಳಿಯ ರುಚಿ ಎಲ್ಲಿಗೆ ಹೋಯಿತು ಅಂತ ಹುಡುಕಲು ಹೊರಟವನಿಗೆ ಅದರ ಕಥೆ ನಾನಿರುವ ರಾಜ್ಯದಲ್ಲೇ, ಮನೆಯಿಂದ ಎರಡು ಗಂಟೆ ದೂರದಲ್ಲೇ ಶುರುವಾಗಿದ್ದು ಅಂತ ಗೊತ್ತಾಯಿತು. ಆ ಕಥೆ ಕೊನೆಗೆ ಬಂದು ನಿಂತದ್ದು ಚನ್ನರಾಯಪಟ್ಟಣದ ಹತ್ತಿರದ ನಮ್ಮ ಹೊಲದಲ್ಲಿ! ಅದನ್ನು ಆಮೇಲೆ ಹೇಳ್ತೀನಿ.

ನಾನಿರುವುದು ಡೆಲವೇರ್‌ನಲ್ಲಿ. ಅಮೆರಿಕದ ಪುಟ್ಟ ರಾಜ್ಯ. ರಾಜ್ಯದ ಪಕ್ಷಿಯೇ ಕೋಳಿ, ವಿಶ್ವವಿದ್ಯಾಲಯದ ಆಟಗಾರರ ತಂಡದ ಹೆಸರೂ ಕೋಳಿಯದ್ದೇ. ದಕ್ಷಿಣಕ್ಕೆ ಕಾರಿನಲ್ಲಿ ಹೋದರೆ ರಸ್ತೆಯ ಎರಡೂ ಕಡೆ ಉದ್ದುದ್ದ ಕೋಳಿ ಶೆಡ್ಡುಗಳು. 1923ರಲ್ಲಿ ಅಲ್ಲಿನ ಓಷನ್ ವ್ಯೂ ಎಂಬ ಹಳ್ಳಿಯಲ್ಲಿ ಸೆಸಿಲ್ ಸ್ಟೀಲ್ ಅನ್ನುವ ಗೃಹಿಣಿ ಮೊಟ್ಟೆಗಾಗಿ ಸಾಕಲು 50 ಕೋಳಿಮರಿ ತರಿಸಿದರು. ಹ್ಯಾಚರಿಯವರು ತಪ್ಪಿ 500 ಕಳಿಸಿದರು. ಆಕೆ ವಾಪಸ್ ಕಳಿಸಲಿಲ್ಲ. ಮೊಟ್ಟೆ ಇಡುವವರೆಗೂ ಕಾಯದೆ ಮಾಂಸಕ್ಕೇ ಮಾರಿಬಿಡೋಣ ಅಂದುಕೊಂಡರು. ಬದುಕಿ ಉಳಿದ 387 ಕೋಳಿಗಳು ಸುಮಾರು ಎರಡು ಪೌಂಡ್ ತೂಗಿದಾಗ ಪೌಂಡಿಗೆ 62 ಸೆಂಟಿನಂತೆ ಮಾರಿದರು. ಆ ಕಾಲಕ್ಕೆ ಅದು ಭರ್ಜರಿ ಬೆಲೆ. ಮರುವರ್ಷ ಸಾವಿರ ಮರಿ ತರಿಸಿದರು. ಅಕ್ಕಪಕ್ಕದವರು ನೋಡಿದರು, ಅವರೂ ಶುರು ಮಾಡಿದರು.

ಅದಕ್ಕೆ ಮುಂಚೆ ಅಮೆರಿಕದಲ್ಲೂ ಕೋಳಿ ಮಾಂಸ ಅಂದರೆ ಮೊಟ್ಟೆ ವ್ಯವಹಾರದ ಉಳಿಕೆ. ಮೊಟ್ಟೆ ನಿಲ್ಲಿಸಿದ ಮುದಿ ಹೇಂಟೆ, ಬೇಡವಾದ ಎಳೆ ಹುಂಜ. ಹಬ್ಬಕ್ಕೋ, ಭಾನುವಾರಕ್ಕೋ, ನೆಂಟರು ಬಂದಾಗಲೋ ಒಂದು. ನಮ್ಮೂರಲ್ಲಿ ಇದ್ದದ್ದೂ ಹೀಗೇ ಅಲ್ಲವೇ?

ಆಕೆಯ ಮೊದಲ ಶೆಡ್ಡನ್ನು ತಂದು ಡೋವರ್ ಊರಿನ ಕೃಷಿ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಹದಿನಾರು ಅಡಿ ಉದ್ದ, ಹದಿನಾರು ಅಡಿ ಅಗಲದ ಮರದ ಗುಡಿಸಲು. ಅವ್ವ ಬಾಗಿಲಲ್ಲಿ ಇಣುಕಿ ನೋಡಿ, "ನಮ್ಮ ಕೊಟ್ಟಿಗೆನೇ ಇದಕ್ಕಿಂತ ದೊಡ್ಡದು" ಅಂದು ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಇಡೀ ಜಗತ್ತಿನ ಬ್ರಾಯ್ಲರ್ ಉದ್ಯಮದ ತೊಟ್ಟಿಲು ಕಣವ್ವ ಇದು ಅಂತ ನಾನು ವಿವರಿಸಿದ್ದು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ :-)

ಎರಡನೇ ಅಧ್ಯಾಯ ನಡೆದದ್ದು ಜಾರ್ಜಿಯಾದಲ್ಲಿ, 1930ರ ದಶಕದಲ್ಲಿ. ಗೇನ್ಸ್‌ವಿಲ್ ಎಂಬ ಊರಲ್ಲಿ ಜೆಸ್ಸಿ ಜ್ಯೂವೆಲ್ ಅನ್ನುವವನಿಗೆ ಮೇವಿನ ಅಂಗಡಿ ಇತ್ತು. ಆರ್ಥಿಕ ಕುಸಿತದ ಕಾಲ, ರೈತರ ಕೈಯಲ್ಲಿ ಮೇವು ಕೊಳ್ಳಲು ದುಡ್ಡಿಲ್ಲ. ಆತ ಒಂದು ಉಪಾಯ ಮಾಡಿದ. ಮರಿಯನ್ನೂ ಮೇವನ್ನೂ ಸಾಲವಾಗಿ ಕೊಡೋದು, ಬೆಳೆದ ಮೇಲೆ ಕೋಳಿಯನ್ನು ತಾನೇ ಒಯ್ದು ಮಾರಿ ಲೆಕ್ಕ ಚುಕ್ತಾ ಮಾಡೋದು. ಹೋಗ್ತಾ ಹೋಗ್ತಾ ಹ್ಯಾಚರಿ, ಮೇವಿನ ಗಿರಣಿ, ಕೊಯ್ಯುವ ಕಾರ್ಖಾನೆ ಎಲ್ಲ ಅವನದೇ ಆಯಿತು. ರೈತನಿಗೆ ಉಳಿದದ್ದು ಶೆಡ್ಡು, ದುಡಿಮೆ ಮತ್ತು ಸಾಲ. ಕಾಂಟ್ರಾಕ್ಟ್ ಕೋಳಿ ಸಾಕಣೆಗೆ ದಾರಿಯಾದದ್ದು ಹೀಗೆ.

ಆಮೇಲೆ ಕೋಳಿಯನ್ನೇ ಬದಲಾಯಿಸಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಎ ಅಂಡ್ ಪಿ ಎಂಬ ದೊಡ್ಡ ದಿನಸಿ ಅಂಗಡಿ ಸರಣಿಯವರು 'ನಾಳೆಯ ಕೋಳಿ' ಅಂತ ಒಂದು ಸ್ಪರ್ಧೆ ಇಟ್ಟರು. ಆದರ್ಶ ಕೋಳಿ ಹೇಗಿರಬೇಕು ಅಂತ ಮೇಣದ ಮಾದರಿಯನ್ನೂ ಮಾಡಿಸಿದ್ದರು. ಅಗಲವಾದ ಎದೆ, ದಪ್ಪ ತೊಡೆ. ದೇಶದ ತಳಿಗಾರರು ಮೊಟ್ಟೆ ಕಳಿಸಬೇಕು, ಎಲ್ಲವನ್ನೂ ಒಂದೇ ರೀತಿ ಮರಿ ಮಾಡಿಸಿ ಹನ್ನೆರಡು ವಾರ ಬೆಳೆಸಿ, ಕೊಯ್ದು, ಅಳೆದು ತೂಗಿ ಗೆದ್ದವರನ್ನು ಆರಿಸೋದು. 1948ರ ಅಂತಿಮ ಸುತ್ತು ನಡೆದದ್ದು ಇದೇ ಡೆಲವೇರ್‌ನ ಜಾರ್ಜ್‌ಟೌನಿನಲ್ಲಿ. ಗೆದ್ದದ್ದು ಕ್ಯಾಲಿಫೋರ್ನಿಯಾದ ಚಾರ್ಲ್ಸ್ ವಾಂಟ್ರೆಸ್. ಕಾರ್ನಿಶ್ ಮತ್ತು ನ್ಯೂ ಹ್ಯಾಂಪ್‌ಶೈರ್ ತಳಿಗಳ ಮಿಶ್ರಣ ಅವನದು. 1951ರಲ್ಲಿ ಮತ್ತೆ ಅವನೇ ಗೆದ್ದ. ಆ ಹೆಸರು ಕಾಬ್-ವಾಂಟ್ರೆಸ್ ಎನ್ನುವ ತಳಿ ಕಂಪನಿಯಲ್ಲಿ ಇವತ್ತಿಗೂ ಉಳಿದಿದೆ. ಕಾಬ್ ತಳಿಯ ಕೋಳಿ ನಮ್ಮ ದೇಶದಲ್ಲೂ ಇದೆ.

ಇನ್ನೊಂದು ಕೊಂಡಿ ನನಗೆ ಬೆರಗು ಹುಟ್ಟಿಸಿತು. ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಹೆಸರು ಕೇಳಿರುತ್ತೀರಿ. ಅವರು ಸಂಶೋಧನೆಯ ಮುಖ್ಯಸ್ಥರಾಗಿದ್ದ ಲೆಡರ್ಲೆ ಸಂಸ್ಥೆಯಲ್ಲೇ ಆರಿಯೋಮೈಸಿನ್ ಎಂಬ ಜೀವನಿರೋಧಕ ಔಷಧ ಸಿದ್ಧವಾದದ್ದು. ಅದು ಹೊರಬಂದ 1948ರಲ್ಲೇ ಅವರು ತೀರಿಕೊಂಡರು. ಅದೇ ಸಂಸ್ಥೆಯ ಥಾಮಸ್ ಜೂಕ್ಸ್ ಮತ್ತು ಜೊತೆಯವರು, ಆ ಔಷಧ ತಯಾರಿಸಿ ಉಳಿದ ಗಸಿಯನ್ನು ಕೋಳಿಮರಿಗಳಿಗೆ ತಿನ್ನಿಸಿದರೆ ಅವು ಬೇಗ ಬೆಳೆಯುತ್ತವೆ ಅಂತ ಕಂಡುಕೊಂಡರು. ಕಾಯಿಲೆಗೆ ಅಂತ ಮಾಡಿದ ಔಷಧ ಕಾಯಿಲೆಯೇ ಇಲ್ಲದ ಕೋಳಿಯ ಮೇವಿಗೆ ಬಿತ್ತು. ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದಂತಾಗುತ್ತವೆ ಅಂತ ಗೊತ್ತಾದ ಮೇಲೂ ನಿಲ್ಲಿಸಲು ದಶಕಗಳೇ ಹಿಡಿದವು. ಸ್ವೀಡನ್ 1986ರಲ್ಲಿ, ಯುರೋಪ್ ಒಕ್ಕೂಟ 2006ರಲ್ಲಿ, ಅಮೆರಿಕ 2017ರಲ್ಲಿ ಬೆಳವಣಿಗೆಗಾಗಿ ಕೊಡೋದನ್ನು ನಿಲ್ಲಿಸಿದವು (ಅಮೆರಿಕದ್ದು ಮನುಷ್ಯರಿಗೂ ಮುಖ್ಯವಾದ ಔಷಧಗಳಿಗೆ ಮಾತ್ರ). ಭಾರತ 2019ರಲ್ಲಿ ಕೊಲಿಸ್ಟಿನ್ ಒಂದನ್ನು ನಿಷೇಧಿಸಿತು.

ಇದೆಲ್ಲದರ ಒಟ್ಟು ಲೆಕ್ಕ ಇಷ್ಟು: 1925ರಲ್ಲಿ ಅಮೆರಿಕದ ಮಾಂಸದ ಕೋಳಿ 112 ದಿನಕ್ಕೆ ಎರಡೂವರೆ ಪೌಂಡ್ ಆಗುತ್ತಿತ್ತು. ಈಗ ಸುಮಾರು 47 ದಿನಕ್ಕೆ ಆರೂವರೆ ಪೌಂಡ್ ಹತ್ತಿರ. ಅರ್ಧಕ್ಕಿಂತ ಕಡಿಮೆ ಆಯಸ್ಸು, ಎರಡೂವರೆ ಪಟ್ಟು ತೂಕ. ಎಷ್ಟೋ ಕೋಳಿಗಳ ಕಾಲು ಆ ತೂಕವನ್ನು ಹೊರಲಾರದು. ಓಡಾಡಿ, ಕೆದಕಿ, ವಯಸ್ಸಾಗಿ ಮಾಂಸಕ್ಕೆ ಬರಬೇಕಾದ ರುಚಿ ಬರಲು ಸಮಯವೇ ಇಲ್ಲ. ಅವ್ವನಿಗೆ ಹತ್ತಿಯಂತೆ ಕಂಡದ್ದು ಇದೇ ಇರಬೇಕು.

ಹಾಗಾದರೆ ಅಂಗಡಿಯಲ್ಲಿ ಯಾವುದನ್ನು ಕೊಳ್ಳೋದು? ಲೇಬಲ್ ಓದುತ್ತಾ ನಾನು ಅರ್ಧ ಗಂಟೆ ನಿಂತದ್ದುಂಟು. 'ಹಾರ್ಮೋನ್ ಹಾಕಿಲ್ಲ' ಅಂತ ದೊಡ್ಡದಾಗಿ ಬರೆದಿರುತ್ತಾರೆ, ಆದರೆ ಇಲ್ಲಿ ಕೋಳಿಗೆ ಹಾರ್ಮೋನ್ ಕೊಡಲು ಕಾನೂನೇ ಬಿಡೋದಿಲ್ಲ. 'ಪಂಜರದಲ್ಲಿ ಸಾಕಿಲ್ಲ' ಅಂದರೂ ಅಷ್ಟೇ, ಮಾಂಸದ ಕೋಳಿಯನ್ನು ಇಲ್ಲಿ ಸಾಮಾನ್ಯವಾಗಿ ನೆಲದ ಮೇಲೇ ಸಾಕೋದು. ಅರ್ಥವಿರುವ ಮಾತು ಅಂದರೆ 'ಜೀವನಿರೋಧಕ ಕೊಟ್ಟಿಲ್ಲ', 'ಸಾವಯವ', ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಎಷ್ಟು ದಿನ ಬೆಳೆಸಿದ್ದು ಎಂಬುದು. ಫ್ರಾನ್ಸಿನಲ್ಲಿ 1965ರಿಂದಲೇ ಕೋಳಿಗೆ 'ಲಾಬೆಲ್ ರೂಜ್' ಅನ್ನುವ ಕೆಂಪು ಮುದ್ರೆ ಇದೆ. ನಿಧಾನವಾಗಿ ಬೆಳೆಯುವ ತಳಿಯೇ ಆಗಿರಬೇಕು, ಕನಿಷ್ಠ 81 ದಿನ ಬೆಳೆಸಬೇಕು, ಹೊರಗೆ ಬಿಡಬೇಕು. ಅಮೆರಿಕದಲ್ಲಿ ಅಂಥದ್ದೊಂದು ಸರ್ಕಾರಿ ಮುದ್ರೆ ಇಲ್ಲ, ನಾವೇ ಕೇಳಿ ತಿಳಿಯಬೇಕು. ನಾನು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆಯ ಸಂತೆಗೆ ಹೋಗಿ, ಅಲ್ಲಿನ ರೈತನೊಬ್ಬನಿಂದ ಹನ್ನೊಂದು ವಾರದ ಇಡೀ ಕೋಳಿ ತಂದೆ. ಅಂಗಡಿಯ ಬೆಲೆಯ ಮೂರು ಪಟ್ಟು. ಮಾಂಸ ಬಿಗಿ.

ಬಿಗಿಯಾದರೇನು, ಕೊಚ್ಚಿದರಾಯಿತು! ಇದನ್ನು ನನಗೆ ಕಲಿಸಿದ್ದು ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ಬೇಕರ್. 1960ರ ದಶಕದಲ್ಲಿ ಮುದಿ ಹೇಂಟೆಯಂಥ ಯಾರೂ ಕೇಳದ ಮಾಂಸವನ್ನು ಏನು ಮಾಡೋದು ಅಂತ ತಲೆಕೆಡಿಸಿಕೊಂಡವರು. ಈಗಿನ ನಗ್ಗೆಟ್ಟಿನ ಅಜ್ಜನಂಥ ಚಿಕನ್ ಕಡ್ಡಿಯನ್ನು 1963ರ ಹೊತ್ತಿಗೇ ಮಾಡಿದ್ದರು, ಪೇಟೆಂಟ್ ತೆಗೆದುಕೊಳ್ಳದೆ ವಿಧಾನವನ್ನು ಎಲ್ಲರಿಗೂ ಹಂಚಿದರು. ಚರ್ಮವಿಲ್ಲದೆ ಕೊಚ್ಚಿದ ಮಾಂಸ ಉದುರದಂತೆ ಹಿಡಿದಿಡುವುದು ಅವರ ಮುಂದಿದ್ದ ಕಷ್ಟ. ಹಸಿ ಮಾಂಸಕ್ಕೆ ಉಪ್ಪು, ವಿನಿಗರ್ ಹಾಕಿ ಅರೆದು ಅಂಟು ಬರಿಸಿ, ಆಮೇಲೆ ಹಾಲಿನ ಪುಡಿ, ಧಾನ್ಯದ ಪುಡಿ ಸೇರಿಸಿದರು.

ಇದನ್ನು ಅವ್ವನಿಗೆ ಓದಿ ಹೇಳಿದರೆ, "ಅದುಕ್ಕೆ ಅಷ್ಟು ಓದಬೇಕಾ? ನಾವು ಕೈಮಕ್ಕೆ ಹುರಿಗಡಲೆ ಹಾಕಲ್ವಾ?" ಅಂದಳು. ಹೌದಲ್ಲ!

ಆ ದಿನ ಅಡುಗೆಮನೆ ಅವಳ ಕೈಗೆ ಹೋಯಿತು. ತೊಡೆ, ಎದೆ ಎರಡರ ಮಾಂಸವನ್ನೂ ಮೂಳೆಯಿಂದ ಬಿಡಿಸಿ, ಚರ್ಮ ಸ್ವಲ್ಪ ಉಳಿಸಿಕೊಂಡೆವು. ಏಳುನೂರು ಗ್ರಾಮಿನಷ್ಟು ಆಯಿತು. ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ ಚಾಕುವಿನಲ್ಲಿ ಸಣ್ಣಗೆ ಕೊಚ್ಚಿದೆವು. ಮಿಕ್ಸಿ ಬೇಡ, ಹಿಟ್ಟಾಗಿಬಿಡುತ್ತೆ. ಮೊದಲು ಬರೀ ಉಪ್ಪು, ಒಂದೂವರೆ ಟೀ ಚಮಚ, ಹಾಕಿ ಕೈಗೆ ಅಂಟುವವರೆಗೂ ಮಿದಿಯಬೇಕು. ಆಮೇಲೆ ಸಣ್ಣ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಜಜ್ಜಿದ ಮೆಣಸು, ಒಂದು ಚಮಚ ತುಪ್ಪ, ಎರಡು ಚಮಚ ಹುರಿಗಡಲೆ ಪುಡಿ. ಚಕ್ಕೆ ಲವಂಗಕ್ಕೆ ಅವ್ವ ಕೈ ಹಾಕಲಿಲ್ಲ. "ವಾಸನೆ ಮುಚ್ಚೋಕೆ ಹಾಕದು ಅದು, ಇದುಕ್ಕೆ ಬ್ಯಾಡ" ಅಂದಳು. ನಾಲ್ಕು ವಡೆ ತಟ್ಟಿ, ನಡುವೆ ಹೆಬ್ಬೆಟ್ಟಿನಿಂದ ಒತ್ತಿ (ಇಲ್ಲದಿದ್ದರೆ ಉಬ್ಬುತ್ತೆ), ಕಬ್ಬಿಣದ ಕಾವಲಿಯಲ್ಲಿ ಮಧ್ಯಮ ಉರಿಗೆ ಎರಡೂ ಕಡೆ ಬೇಯಿಸಿದೆವು. ಒಳಗೆ 74 ಡಿಗ್ರಿ ಸೆಲ್ಸಿಯಸ್ ಬರಲೇಬೇಕು, ಕೋಳಿಯ ವಿಷಯದಲ್ಲಿ ಹಸಿಬಿಸಿ ಆಟ ಬೇಡ. ಬನ್ನಿಗೆ ಬೆಣ್ಣೆ ಹಚ್ಚಿ ಕಾಯಿಸಿ, ಗಟ್ಟಿ ಮೊಸರಿಗೆ ಪುದೀನ ಅರೆದು ಹಾಕಿ, ಈರುಳ್ಳಿ ಬಿಲ್ಲೆ, ನಿಂಬೆಹುಳಿ. ಮೂಳೆಯೆಲ್ಲ ಸಾರಿಗೆ ಹೋಯಿತು, ರಾತ್ರಿ ಮುದ್ದೆಗೆ ಆಯಿತು. ಮೂರು ಪಟ್ಟು ಬೆಲೆಯ ಕೋಳಿ ಎರಡು ಹೊತ್ತಿಗೆ ಬಂದರೆ ಅಷ್ಟೇನೂ ದುಬಾರಿ ಅನ್ನಿಸಲಿಲ್ಲ. ಸಾಸ್ ಹಚ್ಚಲು ಹೋದ ಮಗಳ ಕೈಯನ್ನು ಅವಳಜ್ಜಿ ತಡೆದಳು.

ಈಗ ಚನ್ನರಾಯಪಟ್ಟಣದ ವಿಷಯ. ಆರು ವರ್ಷದ ಹಿಂದೆ ನನ್ನ ತಮ್ಮ ನಮ್ಮ ಹೊಲದಲ್ಲಿ ಬ್ರಾಯ್ಲರ್ ಶೆಡ್ ಹಾಕಿದ. ದುಡ್ಡು ಕಳಿಸಿದ್ದು ನಾನು. ಕಂಪನಿಯ ಹೆಸರು ಬೇಡ ಬಿಡಿ. ಮರಿ, ಮೇವು, ಔಷಧಿ ಅವರದು. ಶೆಡ್ಡು, ನೀರು, ಕರೆಂಟು, ನಿದ್ದೆಗೆಡುವುದು ನಮ್ಮದು. ಕೊನೆಗೆ ಕೇಜಿ ಲೆಕ್ಕದಲ್ಲಿ ಸಾಕಣೆ ಕೂಲಿ. ಜೆಸ್ಸಿ ಜ್ಯೂವೆಲ್‌ನ ಕಥೆ ಓದುವಾಗ ಸುಮಾರು ತೊಂಬತ್ತು ವರ್ಷ ಹಿಂದಿನ ನಮ್ಮದೇ ಕರಾರುಪತ್ರ ಓದಿದಂತಾಯಿತು. ಆ ಕರಾರಿನಲ್ಲಿ ಇನ್ನೊಂದು ಷರತ್ತೂ ಇತ್ತು, ರೋಗ ಹರಡಬಾರದು ಅಂತ ಶೆಡ್ಡಿನ ಸುತ್ತಮುತ್ತ ಬೇರೆ ಕೋಳಿ ಇರಕೂಡದು. ಅವ್ವನ ಹತ್ತಿರ ಆಗ ಹದಿನೇಳು ಕೋಳಿಗಳಿದ್ದವು. ನಾಟಿ ಕೆಲವು, ಉಳಿದದ್ದು ಗಿರಿರಾಜ, ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ಹಿತ್ತಿಲಲ್ಲಿ ಸಾಕಲಿ ಅಂತಲೇ ಮಾಡಿದ ತಳಿ. ಒಂದೇ ವಾರದಲ್ಲಿ ಎಲ್ಲ ಮಾರಿದೆವು. ಅವ್ವ ಏನೂ ಅನ್ನಲಿಲ್ಲ. ಫೋನಿನಲ್ಲಿ ನಾನೂ ಕೇಳಲಿಲ್ಲ.

ಬರ್ಗರಿನ ಫೋಟೋ ತಮ್ಮನಿಗೆ ಕಳಿಸಿ, ಹನ್ನೊಂದು ವಾರದ ಕೋಳಿ ಕಣೋ ಅಂದೆ. ಅವನು ನಕ್ಕ. "ಅಣ್ಣ, ಹನ್ನೊಂದು ವಾರ ಸಾಕಿದ್ರೆ ಮೇವಿನ ದುಡ್ಡು ಯಾರು ಕೊಡ್ತಾರೆ? ಆ ರೇಟು ನಮ್ಮೂರಲ್ಲಿ ಯಾರು ಕೊಡ್ತಾರೆ? ಈ ಶೆಡ್ಡಿಂದ್ಲೇ ಮಕ್ಕಳ ಫೀಸು ನಡೀತಿರೋದು" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಡಾಲರಿನಲ್ಲಿ ಸಂಬಳ ತಗೊಂಡು ಸಂತೆಯಲ್ಲಿ ಮೂರು ಪಟ್ಟು ಕೊಟ್ಟು ಬಂದವನು ನಾನು. ಕರಾರು ಮುಂದಿನ ಯುಗಾದಿಗೆ ಮುಗಿಯುತ್ತೆ, ಆಮೇಲೆ ಅರ್ಧ ಶೆಡ್ಡಿಗೆ ಗಿರಿರಾಜ ಬಿಟ್ಟರೆ ಲೆಕ್ಕ ಎಷ್ಟಾಗುತ್ತೆ ನೋಡ್ತೀನಿ, ಅಂದ. ಬ್ಯಾಂಕಿನ ಸಾಲ ಇನ್ನೂ ಎರಡು ವರ್ಷ ಇದೆ. ಆ ಭಾಗ ನಾನು ಕಟ್ಟುವ ಮಾತಾಗಿದೆ.

ಮಾತಿನ ಮಧ್ಯೆ ಅವ್ವ ಫೋನು ಕಿತ್ತುಕೊಂಡು, "ಬೂದು ಹೇಂಟೆನ ಯಾರ್ಗೆ ಕೊಟ್ಟೆ? ಅದರ ಮರಿ ಏನಾರ ಸಿಕ್ತದಾ ಕೇಳು" ಅಂದಳು.

ನಿಮ್ಮೂರ ಕಡೆ ಗಿರಿರಾಜವೋ ಸ್ವರ್ಣಧಾರವೋ ಸಾಕುತ್ತಿರುವವರಿದ್ದರೆ, ಮೇವಿನ ಲೆಕ್ಕ ಹೇಗೆ ಬೀಳುತ್ತೆ ಅಂತ ಒಂದೆರಡು ಸಾಲು ಬರೆಯಿರಿ. ತಮ್ಮನಿಗೆ ಕಳಿಸ್ತೀನಿ.