ದಾಂಪತ್ಯವೂ ಪರವಾನಗಿಯೂ

ದರ್ಬೆಯಿಂದ ಜರ್ಮನಿಗೆ, ಐರ್ಲೆಂಡಿಗೆ ಹೋದ ನನ್ನ ಹಳೆಯ ವಿದ್ಯಾರ್ಥಿಗಳು ಮದುವೆಯಾದೊಡನೆ ಬರೆಯುವುದು ಬಾಳಸಂಗಾತಿಯ ವೀಸಾದ ಪಾಡನ್ನು.

ಈ ಪಾಡು ಬಹಳ ಹಳೆಯದಲ್ಲ. 1914ರ ಬ್ರಿಟಿಷ್ ಕಾಯಿದೆಯಂತೆ ಬ್ರಿಟಿಷ್ ಪ್ರಜೆಯನ್ನು ವರಿಸಿದ ಪರದೇಶದ ಹೆಣ್ಣು ತಾನಾಗಿಯೇ ಬ್ರಿಟಿಷ್ ಪ್ರಜೆ. (ಅಂದಿನ ದಕ್ಷಿಣ ಕನ್ನಡದಲ್ಲಿ ಹುಟ್ಟಿದವರೂ ಬ್ರಿಟಿಷ್ ಪ್ರಜೆಗಳೇ; ಮೈಸೂರು ಸಂಸ್ಥಾನದವರು ಅಲ್ಲ!) ಪರದೇಶೀಯನನ್ನು ವರಿಸಿದ ಬ್ರಿಟಿಷ್ ಹೆಣ್ಣಾದರೋ ತನ್ನ ಪ್ರಜಾತ್ವವನ್ನೇ ಕಳೆದುಕೊಳ್ಳುತ್ತಿದ್ದಳು. 1948ರ ಕಾಯಿದೆ ಈ ಅನ್ಯಾಯವನ್ನು ನೀಗಿತು. ಆದರೆ ಅಂದಿನಿಂದ ಒಂದೇ ಸಂಸಾರಕ್ಕೆ ಎರಡು ಪಾಸ್‌ಪೋರ್ಟು.

ಯುರೋಪಿನಲ್ಲಿ ಇದಕ್ಕೆ ದಾರಿ ತೆರೆದದ್ದು ಭಾರತೀಯರೊಬ್ಬರ ಮೊಕದ್ದಮೆ. ಸುರಿಂದರ್ ಸಿಂಗ್ 1982ರಲ್ಲಿ ಬ್ರಿಟಿಷ್ ಮಹಿಳೆಯನ್ನು ವಿವಾಹವಾದರು. 1983ರಿಂದ 1985ರವರೆಗೆ ದಂಪತಿಗಳು ಜರ್ಮನಿಯಲ್ಲಿ ದುಡಿದು ಬ್ರಿಟನ್ನಿಗೆ ಮರಳಿದರು. ದಾಂಪತ್ಯ ಮುರಿಯುವ ಹಂತಕ್ಕೆ ಬಂದಾಗ ಸರಕಾರವು ಪತಿಯನ್ನು ಹೊರಗಟ್ಟಲು ಹೊರಟಿತು. 1992ರ ಜುಲೈ 7ರಂದು ಯುರೋಪಿಯನ್ ನ್ಯಾಯಾಲಯವು, ಪತ್ನಿ ಮತ್ತೊಂದು ಸದಸ್ಯ ದೇಶದಲ್ಲಿ ದುಡಿದು ಬಂದವಳಾದ್ದರಿಂದ ಅಲ್ಲಿ ಪತಿಗಿದ್ದ ಹಕ್ಕು ತಾಯ್ನಾಡಿನಲ್ಲೂ ಸಲ್ಲಬೇಕೆಂದಿತು. ಊರು ಬಿಟ್ಟವಳಿಗೆ ದೊರೆತ ಈ ಹಕ್ಕು ಊರಲ್ಲೇ ಉಳಿದವಳಿಗಿಲ್ಲ. ನನಗಿದು ಇಂದಿಗೂ ವಿಚಿತ್ರವೆನಿಸುತ್ತದೆ.

2004ರ ಒಕ್ಕೂಟದ ನಿರ್ದೇಶನವು ಬೇರೆ ಸದಸ್ಯ ದೇಶದಲ್ಲಿ ನೆಲೆಸಿದ ಪ್ರಜೆಯ ಸಂಗಾತಿಗೆ 5 ವರ್ಷಗಳ ವಾಸಪತ್ರವನ್ನು ವಿಧಿಸಿತು. ಷೆಂಗೆನ್ ವೀಸಾದಲ್ಲಾದರೆ 180 ದಿನಗಳಲ್ಲಿ 90 ದಿನ ಮಾತ್ರ.

ದಂಪತಿಗಳಿಬ್ಬರೂ ಭಾರತೀಯರಾದರೆ ಇದಾವುದೂ ಅನ್ವಯಿಸದು. ಆಗ ಆಯಾ ದೇಶದ ಕಾನೂನೇ ಗತಿ. 2007ರಿಂದ ಜರ್ಮನಿಯು ಸಂಗಾತಿಗೆ ಪ್ರಾಥಮಿಕ ಜರ್ಮನ್ ಭಾಷಾಜ್ಞಾನವನ್ನೂ ಕೇಳುತ್ತದೆ. ಬ್ಲೂ ಕಾರ್ಡ್ ಉಳ್ಳವರ ಸಂಗಾತಿಗೆ ವಿನಾಯಿತಿಯುಂಟು.