ರಾಕ್ಷಸರ ಎಲುಬುಗಳು: ಸುಕೇತಿಯ ಉದ್ಯಾನವನ್ನು ಕಂಡು

ಬಿಜಾಪುರದ ಆದಿಲಶಾಹಿ ದರ್ಬಾರಿನಲ್ಲಿದ್ದು ಪರ್ಶಿಯನ್ ಭಾಷೆಯಲ್ಲಿ ಹಿಂದುಸ್ತಾನದ ಚರಿತ್ರೆಯನ್ನು ಬರೆದ ಫೆರಿಸ್ತಾನ ಹೆಸರು ನಮ್ಮ ವಾಚಕರಿಗೆ ಹೊಸದಲ್ಲ. ಬಹಮನಿ ಸುಲ್ತಾನರ ಮತ್ತು ವಿಜಯನಗರದ ಅರಸರ ಕದನಗಳನ್ನು ಪಾಠ ಹೇಳುವಾಗ ನಾವೆಲ್ಲರೂ ಅವನ ಹೆಸರನ್ನು ಎತ್ತಿಯೇ ಎತ್ತುತ್ತೇವೆ. ಇರಾನಿನ ಅಸ್ತರಾಬಾದಿನಲ್ಲಿ ಹುಟ್ಟಿ, ಅಹಮದನಗರದಲ್ಲಿ ಬೆಳೆದು, 1589ರಲ್ಲಿ ಬಿಜಾಪುರವನ್ನು ಸೇರಿದ ಈತನು, ಇಮ್ಮಡಿ ಇಬ್ರಾಹೀಮ ಆದಿಲಶಹನ ಆಶ್ರಯದಲ್ಲಿ 1606ರ ಸುಮಾರಿಗೆ ತನ್ನ ಗ್ರಂಥವನ್ನು ಒಂದು ರೂಪಕ್ಕೆ ತಂದನು. ಆ ಗ್ರಂಥದಲ್ಲಿ ದಿಲ್ಲಿಯ ಫಿರೋಜಶಹಾ ತುಘಲಕನ ಕಾಲುವೆಗಳ ವಿಷಯವಾಗಿ ಕೆಲವು ಸಾಲುಗಳುಂಟು. ಯುದ್ಧಗಳ ಗದ್ದಲದಲ್ಲಿ ಓದುಗನ ಕಣ್ಣಿಗೆ ಬೀಳದೆ ಹೋಗುವಂಥ ಸಾಲುಗಳು ಅವು.

ಸಂಗತಿ ಹದಿನಾಲ್ಕನೆಯ ಶತಮಾನದ್ದು. ಸರಸ್ವತಿ ಎಂದು ಕರೆಯಲ್ಪಡುವ ಹೊಳೆಯ ನೀರನ್ನು ಇನ್ನೊಂದು ಹಳ್ಳಕ್ಕೆ ಕೂಡಿಸಬೇಕೆಂದು ಸುಲ್ತಾನನು ನಡುವಿನ ದಿಬ್ಬವನ್ನು ಕಡಿಯಲು ಆಜ್ಞಾಪಿಸಿದನಂತೆ. ಐವತ್ತು ಸಾವಿರ ಮಂದಿ ಗುದ್ದಲಿ ಹಿಡಿದು ಅಗೆದರಂತೆ. ಅಗೆಯುತ್ತಿರಲು ಆನೆಗಳ ಎಲುಬುಗಳೂ ಮನುಷ್ಯರ ಎಲುಬುಗಳೂ ಹೊರಬಿದ್ದುವು. ಮನುಷ್ಯನದೆಂದು ತಿಳಿದ ಮುಂಗೈಯ ಎಲುಬು ಮೂರು ಗಜ ಉದ್ದವಿತ್ತು. ಕೆಲವು ಎಲುಬುಗಳು ಕಲ್ಲಾಗಿದ್ದುವು, ಕೆಲವು ಇನ್ನೂ ಎಲುಬಿನಂತೆಯೇ ಇದ್ದುವು ಎಂದು ಫೆರಿಸ್ತಾ ಬರೆಯುತ್ತಾನೆ.

ಮೂರು ಗಜದ ಮುಂಗೈಯುಳ್ಳ ಮನುಷ್ಯನು ಎಂದೂ ಇರಲಿಲ್ಲ. ಹಾಗೆಂದು ಈ ಸಾಲುಗಳನ್ನು ಕಟ್ಟುಕಥೆ ಎಂದು ತಳ್ಳಿಬಿಡಬಹುದೇ? ಈ ಪ್ರಶ್ನೆಯು ನಮ್ಮನ್ನು ಬಹುಕಾಲ ಕಾಡಿದ್ದುಂಟು. ಅದಕ್ಕೆ ತಕ್ಕ ಉತ್ತರವು ಹಿಮಾಚಲ ಪ್ರದೇಶದ ಸಿರಮೌರ ಜಿಲ್ಲೆಯಲ್ಲಿ, ಮಾರ್ಕಂಡಾ ನದಿಯ ದಂಡೆಯ ಮೇಲಿನ ಸುಕೇತಿ ಎಂಬ ಹಳ್ಳಿಯ ಬಳಿ ನಮಗೆ ದೊರೆಯಿತು.

ದೀಪಾವಳಿಯ ಸೂಟಿಯಲ್ಲಿ ದಿಲ್ಲಿ, ಕುರುಕ್ಷೇತ್ರಗಳನ್ನು ನೋಡಲೆಂದು ಹೊರಟ ನಾವು ಕೆಲವು ಶಿಕ್ಷಕರು, ಅಂಬಾಲೆಯಿಂದ ಕಾಲಾ ಅಂಬ್ ಮಾರ್ಗವಾಗಿ ಅಲ್ಲಿಗೆ ಹೋದೆವು. ಬಯಲು ಮುಗಿದು ಹಿಮಾಲಯವು ತೊಡಗುವ ಹೊಸ್ತಿಲಿನಂತಿರುವ ಸಣ್ಣ ಬೆಟ್ಟಗಳ ಸಾಲಿಗೆ ಶಿವಾಲಿಕ ಎಂದು ಹೆಸರು. ನಮ್ಮ ಕಡೆಯ ಕರಿಗಲ್ಲಿನ ಗುಡ್ಡಗಳನ್ನು ಕಂಡವರಿಗೆ ಇವು ಬೆಟ್ಟಗಳೇ ಅಲ್ಲವೆನಿಸುತ್ತದೆ. ಮರಳುಗಲ್ಲು, ಜೇಡಿ, ಉರುಟುಗಲ್ಲು ಪದರು ಪದರಾಗಿ ಕೂಡಿದ ಮಣ್ಣಿನ ಗೋಡೆಗಳು; ಕೈಯಿಂದ ಒತ್ತಿದರೆ ಕೆಲವೆಡೆ ಮರಳು ಉದುರುವುದು. ನದಿಯ ಪಾತ್ರದಲ್ಲಿ ನೀರಿಗಿಂತ ಕಲ್ಲೇ ಹೆಚ್ಚು.

ಇಲ್ಲಿ ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯು ಹಿಮಾಚಲ ಸರಕಾರದ ಸಹಕಾರದಿಂದ 1974ರಲ್ಲಿ ಶಿವಾಲಿಕ ಪಳೆಯುಳಿಕೆ ಉದ್ಯಾನವನ್ನು ಸ್ಥಾಪಿಸಿತು. ಸುಮಾರು 25 ಲಕ್ಷ ವರ್ಷಗಳ ಹಿಂದೆ ಇಲ್ಲಿ ಬದುಕಿದ್ದ ಪ್ರಾಣಿಗಳ ಆಳೆತ್ತರದ, ಕೆಲವು ಆಳಿಗೂ ಮೀರಿದ, ಪ್ರತಿಕೃತಿಗಳನ್ನು ಫೈಬರ್ ಗ್ಲಾಸಿನಲ್ಲಿ ಮಾಡಿ ಬಯಲಿನಲ್ಲಿ ನಿಲ್ಲಿಸಿದ್ದಾರೆ. ನೀರಾನೆ ಉಂಟು, ಕತ್ತಿಯಂಥ ಕೋರೆಹಲ್ಲಿನ ಹುಲಿ ಉಂಟು, ಭಾರಿ ಆಮೆ ಉಂಟು. ನೀರಾನೆಯನ್ನು ಕಾಣಲು ಇಂದು ಆಫ್ರಿಕಾಕ್ಕೆ ಹೋಗಬೇಕು. ಆಗ ಅದು ಈ ಮಾರ್ಕಂಡೆಯ ಸೀಮೆಯ ಪ್ರಾಣಿಯಾಗಿತ್ತು.

ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದ್ದು ಆನೆ. ಶಾಸ್ತ್ರಜ್ಞರು ಇದಕ್ಕೆ ಸ್ಟೆಗೊಡಾನ್ ಗಣೇಶ ಎಂದು ಹೆಸರಿಟ್ಟಿದ್ದಾರೆ. ಇದರ ದಂತಗಳು ಹತ್ತು ಅಡಿಗೂ ಮಿಕ್ಕಿ ಉದ್ದ. ಅಲ್ಲದೆ ಬುಡದಲ್ಲಿ ಎಷ್ಟು ಒತ್ತಾಗಿವೆಯೆಂದರೆ ನಡುವೆ ಸೊಂಡಿಲು ಇಳಿಬೀಳಲು ಎಡೆಯಿಲ್ಲದೆ ಅದನ್ನು ಪಕ್ಕಕ್ಕೆ ಹಾಕಿಕೊಳ್ಳಬೇಕಾಗಿತ್ತೆಂದು ಹೇಳುತ್ತಾರೆ. ಇಂಥ ಪ್ರಾಣಿಯ ಕೈಯೆಲುಬನ್ನೋ ದಂತದ ತುಂಡನ್ನೋ ಸುಲ್ತಾನನ ಕೂಲಿಗಳು ಕಂಡಿದ್ದರೆ ಅದನ್ನು ಯಾರದೆಂದು ತಿಳಿದಾರು? ಆನೆಯೆಂದು ಗುರುತಿಸಿದ್ದನ್ನು ಆನೆಯೆಂದರು. ಗುರುತು ಸಿಗದ್ದನ್ನು ಮಹಾಕಾಯರಾದ ಮನುಷ್ಯರದೆಂದರು. ಕಂಡದ್ದು ಸುಳ್ಳಲ್ಲ, ಅದಕ್ಕೆ ಕೊಟ್ಟ ಹೆಸರು ಮಾತ್ರ ತಪ್ಪು. ‘ಕೆಲವು ಕಲ್ಲಾಗಿದ್ದುವು’ ಎಂಬ ಮಾತಂತೂ ಕಣ್ಣಾರೆ ಕಂಡವರಲ್ಲದೆ ಬೇರೆಯವರು ಹುಟ್ಟಿಸುವ ಮಾತಲ್ಲ. ಬಿಜಾಪುರದಲ್ಲಿ ಕುಳಿತ ಚರಿತ್ರಕಾರನು ಸುಮಾರು ಎರಡೂವರೆ ಶತಮಾನಗಳ ಹಿಂದಿನ ಆ ವಾರ್ತೆಯನ್ನು ಅಳಿಸಿಹಾಕದೆ ಉಳಿಸಿದನಲ್ಲ, ಅದಕ್ಕಾಗಿ ಅವನಿಗೆ ನಾವು ಕೃತಜ್ಞರಾಗಿರಬೇಕು.

ಎಲುಬು ಕಲ್ಲಾಗುವುದಾದರೂ ಹೇಗೆ? ಹಿಮಾಲಯವು ಏಳುತ್ತಿದ್ದ ಕಾಲದಲ್ಲಿ ಅದರಿಂದ ಇಳಿದ ನದಿಗಳು ಮರಳನ್ನೂ ರೇವೆಯನ್ನೂ ತಂದು ತಪ್ಪಲಿನಲ್ಲಿ ಸುರಿದುವು. ಸತ್ತ ಪ್ರಾಣಿಯು ಬೇಗನೆ ಹೂತುಹೋದರೆ ಮಾಂಸವು ಕೊಳೆತು ಎಲುಬು ಉಳಿಯುವುದು. ಮಣ್ಣಿನೊಳಗಿನ ನೀರು ಎಲುಬಿನ ಸೂಕ್ಷ್ಮ ರಂಧ್ರಗಳಲ್ಲಿ ಖನಿಜವನ್ನು ತುಂಬುತ್ತ ಹೋಗುವುದು. ಕಾಲಾಂತರದಲ್ಲಿ ಆಕಾರ ಎಲುಬಿನದು, ತೂಕ ಕಲ್ಲಿನದು. ಮುಂದೆ ಆ ರೇವೆಯೇ ಭೂಮಿಯ ಒತ್ತಡದಿಂದ ಮಡಿಚಿ ಮೇಲೆದ್ದು ಶಿವಾಲಿಕವಾಯಿತು. ಮಳೆ ಕೊರೆದಂತೆಲ್ಲ ಹೂತದ್ದು ಹೊರಗೆ ಬರುತ್ತದೆ. ಬೆಟ್ಟದ ಜನರು ಇವನ್ನು ಕಂಡೇ ಇರಲಿಲ್ಲವೆಂದಲ್ಲ. ‘ಸಿಡಿಲಿನ ಎಲುಬು’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು.

ಇವು ಶಾಸ್ತ್ರದ ಪುಟಗಳನ್ನು ಸೇರಿದ್ದು 1830ರ ದಶಕದಲ್ಲಿ, ಅದೂ ಕಾಲುವೆಯ ನೆರಳಿನಲ್ಲಿಯೇ. ಸಹಾರನಪುರದ ಸಸ್ಯೋದ್ಯಾನದ ಅಧಿಕಾರಿಯಾಗಿದ್ದ ಹ್ಯೂ ಫಾಲ್ಕನರ ಎಂಬ ವೈದ್ಯನೂ, ಯಮುನೆಯ ಕಾಲುವೆಯನ್ನು ನೋಡಿಕೊಳ್ಳುತ್ತಿದ್ದ ಪ್ರೋಬಿ ಕಾಟ್ಲಿ ಎಂಬ ಸೈನ್ಯಾಧಿಕಾರಿಯೂ ಇದಕ್ಕೆ ಕಾರಣರು. ಮುಂದೆ 1854ರಲ್ಲಿ ತೆರೆದ ಗಂಗಾ ಕಾಲುವೆಯ ನಿರ್ಮಾಪಕನೂ ಈ ಕಾಟ್ಲಿಯೇ. ಫೆರಿಸ್ತಾನ ಆ ಸಾಲುಗಳು ಫಾಲ್ಕನರನಿಗೆ ತಿಳಿದಿದ್ದುವು. ಸಿರಮೌರದ ರಾಜಧಾನಿಯಾದ ನಾಹನಕ್ಕೆ 1834ರಲ್ಲಿ ಹೋದಾಗ ಅಲ್ಲಿಯ ರಾಜನಿಂದ ಅವನಿಗೆ ಕಲ್ಲಾದ ಒಂದು ಹಲ್ಲಿನ ತುಂಡು ದೊರೆಯಿತು. ಬೇರೊಬ್ಬನಾಗಿದ್ದರೆ ಅದನ್ನು ಕಾಣಿಕೆಯೆಂದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದನು. ಇವನು ಅದು ಸಿಕ್ಕ ಜಾಗವಾವುದೆಂದು ವಿಚಾರಿಸಿ ಅಲ್ಲಿಗೇ ನಡೆದನು. ಕೆಲವೇ ಗಂಟೆಗಳಲ್ಲಿ ಮುನ್ನೂರಕ್ಕೂ ಮಿಕ್ಕಿ ಎಲುಬಿನ ತುಂಡುಗಳು ಕೈಸೇರಿದುವು.

1836ರಲ್ಲಿ ಇವರಿಬ್ಬರೂ ಒಂದು ವಿಚಿತ್ರ ಪ್ರಾಣಿಯನ್ನು ವರ್ಣಿಸಿ ಶಿವಥೇರಿಯಂ, ಎಂದರೆ ಶಿವನ ಮೃಗ, ಎಂದು ಕರೆದರು. ಕಣ್ಣುಗಳ ಮೇಲೆ ಎರಡು ಮೊನಚು ಕೊಂಬು, ಹಿಂದೆ ಎರಡು ಅಗಲ ಕೊಂಬು. ಆನೆಗೂ ಮೆಲುಕು ಹಾಕುವ ಪ್ರಾಣಿಗಳಿಗೂ ನಡುವಿನ ಕೊಂಡಿಯಿದು ಎಂದು ಅವರು ಆಗ ಊಹಿಸಿದರು. ಇದು ಜಿರಾಫೆಯ ಬಳಗಕ್ಕೆ ಸೇರಿದ್ದೆಂದು ಈಗ ನಿಶ್ಚಿತವಾಗಿದೆ. ಲಂಡನ್ನಿನ ಭೂವಿಜ್ಞಾನ ಸಂಘವು 1837ರಲ್ಲಿ ಇಬ್ಬರಿಗೂ ವೊಲ್ಲಾಸ್ಟನ್ ಪದಕವನ್ನು ಕೊಟ್ಟು ಗೌರವಿಸಿತು. ಕಾಟ್ಲಿ ಕೂಡಿಸಿದ ಎಲುಬುಗಳು ಇನ್ನೂರಕ್ಕೂ ಮಿಕ್ಕಿದ ದೊಡ್ಡ ಪೆಟ್ಟಿಗೆಗಳಲ್ಲಿ ಬ್ರಿಟಿಷ್ ಮ್ಯೂಜಿಯಮ್ಮಿಗೆ ಹೋದುವು. ಬಂಡೆಯನ್ನು ಒಡೆದವರ, ಪೆಟ್ಟಿಗೆಗಳನ್ನು ಹೊತ್ತವರ ಹೆಸರುಗಳು ಮಾತ್ರ ಯಾವ ಪದಕದ ಮೇಲೂ ಇಲ್ಲ; ಫಿರೋಜಶಹನ ಐವತ್ತು ಸಾವಿರ ಮಂದಿಯ ಹೆಸರುಗಳಂತೆಯೇ.

ಪ್ರತಿಕೃತಿಗಳ ನಡುವೆ ನಡೆಯುತ್ತಿರುವಾಗ ನಮ್ಮ ಸಂಗಡಿಗರೊಬ್ಬರು, “ಮಾಸ್ತರೇ, ನಾಳೆ ಹುಡುಗನೊಬ್ಬನು ಬಕಾಸುರನ ಹಲ್ಲೆಂದು ಒಂದು ಕಲ್ಲನ್ನು ಶಾಲೆಗೆ ತಂದರೆ ಏನು ಮಾಡುವಿರಿ?” ಎಂದು ಕೇಳಿದರು. “ಎಲ್ಲಿ ಸಿಕ್ಕಿತು, ತೋರಿಸು ನಡೆ, ಎನ್ನುವೆವು” ಎಂದು ಹೇಳಿದೆವು. ನಕ್ಕುಬಿಟ್ಟರೆ ಹುಡುಗನು ಇನ್ನೊಮ್ಮೆ ತರಲಾರನು. ಹೌದೆಂದುಬಿಟ್ಟರೆ ಅವನು ಮತ್ತೆ ನೋಡಲಾರನು. ದೊಡ್ಡ ಶಾಸ್ತ್ರಜ್ಞರೂ ಹೆಸರಿಡುವಾಗ ಅವಸರಪಟ್ಟದ್ದುಂಟಷ್ಟೆ. ಇದೇ ಶಿವಾಲಿಕದ ಹರಿತಲ್ಯಾಂಗರದಲ್ಲಿ 1932ರಲ್ಲಿ ದೊರೆತ ಒಂದು ದವಡೆಗೆ ರಾಮಾಪಿಥೆಕಸ್ ಎಂದು ಹೆಸರಿಟ್ಟು, ಅದನ್ನು ಮನುಷ್ಯನ ಪೂರ್ವಜನೆಂದು ಎಷ್ಟೋ ಪಾಠಪುಸ್ತಕಗಳು ಬಹುಕಾಲ ಸಾರಿದುವು. ಅದು ಒರಾಂಗುಟಾನ್ ವಾನರನಿಗೆ ಹತ್ತಿರದ ಶಿವಾಪಿಥೆಕಸ್ ಎಂಬುದರೊಡನೆ ಸೇರತಕ್ಕದ್ದೆಂದು 1980ರ ದಶಕದಲ್ಲಿ ತಿಳಿದುಬಂದಿತು. ಹಳೆಯ ಪಾಠಪುಸ್ತಕಗಳಿಂದ ಟಿಪ್ಪಣಿ ಮಾಡಿಕೊಂಡ ಶಿಕ್ಷಕರು ಇದನ್ನು ತಿದ್ದಿಕೊಳ್ಳತಕ್ಕದ್ದು.

ಇಂಥ ಎಲುಬುಗಳು ನಮ್ಮ ಕಡೆ ಏಕೆ ಇಲ್ಲ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಕೆಂಡದ ರಸವು ಆರಿ ಆದದ್ದು. ಉರಿಯುವ ರಸದಲ್ಲಿ ಎಲುಬು ಉಳಿಯುವುದಿಲ್ಲ. ಆದರೆ ಕರಿಗಲ್ಲಿನ ಮೇಲೆ ನಮ್ಮ ಹೊಳೆಹಳ್ಳಗಳು ಆಮೇಲೆ ತಂದು ಹಾಸಿದ ಮಣ್ಣಿನ ಮಾತು ಬೇರೆ. ದಕ್ಷಿಣದ ಪ್ರಾಗಿತಿಹಾಸದ ಸಂಶೋಧಕನಾದ ರಾಬರ್ಟ್ ಬ್ರೂಸ್ ಫೂಟನು ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ಅಂಥ ಮಣ್ಣಿನಲ್ಲಿ ಖಡ್ಗಮೃಗವೊಂದರ ಎಲುಬುಗಳನ್ನು ಕಂಡು, 1874ರಲ್ಲಿ ಅದನ್ನು ದಖ್ಖನದ ಹೆಸರಿನಿಂದಲೇ ‘ರೈನಾಸರಸ್ ಡೆಕ್ಕನೆನ್ಸಿಸ್’ ಎಂದು ಪ್ರಕಟಿಸಿದನು. ಖಡ್ಗಮೃಗವನ್ನು ಅಸ್ಸಾಮಿನ ಪ್ರಾಣಿಯೆಂದು ನಾವು ಕಲಿಸುತ್ತೇವೆ. ಅದು ಒಂದು ಕಾಲಕ್ಕೆ ಘಟಪ್ರಭೆಯ ನೀರನ್ನು ಕುಡಿದಿತ್ತು. ಮುಂದಿನ ವರ್ಷ ನಮ್ಮ ಶಾಲೆಯ ಪ್ರವಾಸವು ಗೋಕಾಕದ ಜಲಪಾತಕ್ಕೆ ಹೊರಡುವುದಿದೆ. ಆಗ ಹಳ್ಳಗಳ ಕೊರೆದ ದಡಗಳನ್ನೂ ಹುಡುಗರಿಗೆ ತೋರಿಸಬೇಕೆಂದು ನಿಶ್ಚಯಿಸಿದ್ದೇವೆ.